ಹೊಸ ರೇಡಿಯೇಟರಿಗೆ ಸೇವಂತಿಗೆ ಹಾರ

ಫ್ರೆಂಡ್ಸ್, ಸಾರಿ. ಸೋಮವಾರ ಇಂಟರ್ನಲ್ಸ್ ಇಟ್ಕೊಂಡು ಪೋಸ್ಟ್ ಬರೀತಾ ಕೂರಬಾರದು, ಗೊತ್ತು. ಆದ್ರೆ ಫುಲ್ ಟೆನ್ಷನ್.

ದೊಡ್ಡಪ್ಪನ ಹಳೇ ಪುಟ್ಟ ಕಾರಿನ ರೇಡಿಯೇಟರ್ ಎಂಜಿನ್ ಪಕ್ಕದ ಮೂಲೆಯಲ್ಲಿತ್ತು. ಗಾಳಿ ಸಿಗದೆ ದಿನಾ ಕುದೀತಿತ್ತು. ಚಿಕ್ಕದೊಂದನ್ನು ಮುಂದೆ, ಗ್ರಿಲ್ ಹಿಂದೆಯೇ ಕೂರಿಸೋಣ ಅಂತ ಒಪ್ಪಿಸಿದ್ದು ಫಸ್ಟ್ ಇಯರ್ ಮೆಕ್ಯಾನಿಕಲ್ ಓದೋ ನಾನು. ಇವತ್ತು ತಿಪಟೂರಲ್ಲಿ ಮೆಕ್ಯಾನಿಕ್ ರಫೀಕಣ್ಣ ನೀಟಾಗಿ ಕೂರಿಸಿಕೊಟ್ರು.

ಹೊಸದು ಅಂದ್ಮೇಲೆ ಪೂಜೆ ಆಗಲೇಬೇಕಲ್ಲ. ದೊಡ್ಡಪ್ಪ ಗ್ರಿಲ್ ಮುಚ್ಚೋ ಹಾಗೆ ಸೇವಂತಿಗೆ ಹಾರ ಸುತ್ತಿ, ಮೇಲೆ ನಮ್ಮ ತೋಟದ್ದೇ ಹೊಂಬಾಳೆ ಕಟ್ಟಿದ್ರು.

"ದೊಡ್ಡಪ್ಪ, ಏರ್‌ಫ್ಲೋ ಬ್ಲಾಕ್ ಆಗುತ್ತೆ..."

"ಹಾಸ್ಟೆಲ್ಲಲ್ಲಿ ಬೆಳೆದೋಳು, ನಿಂಗೇನ್ ಗೊತ್ತು? ಪೂಜೆ ಹೂವು ಕಣವ್ವ, ತಾನಾಗೇ ಒಣಗಿ ಬೀಳೋವರ್ಗೂ ಮುಟ್ಟಂಗಿಲ್ಲ."

ರಫೀಕಣ್ಣ ಸ್ಪ್ಯಾನರ್ ಒರೆಸ್ತಾ ಆಕಾಶ ನೋಡಿದ್ರು.

ವಾಪಸ್ ಊರಿಗೆ ಹೊರಟು ದಾರೀಲಿ ಕಿಬ್ಬನಹಳ್ಳಿ ತಲುಪೋ ಹೊತ್ತಿಗೆ ಬಾನೆಟ್ಟಿಂದ ಇಡ್ಲಿ ಪಾತ್ರೆ ಥರ ಹಬೆ. ದೊಡ್ಡಪ್ಪ ಇಳಿದು, ಮೊದಲು ಹಾರಕ್ಕೆ ಕೈಮುಗಿದು, ಆಮೇಲೆ ನನ್ನ ಕಡೆ ತಿರುಗಿದ್ರು. "ನೋಡ್ದೇನವ್ವ ನಿನ್ ಇಂಜಿನಿಯರಿಂಗ್ನ? ನಾಳೆ ಬೆಳಿಗ್ಗೆ ಎಂಟಕ್ಕೇ ಇದನ್ನ ಕಿತ್ತಾಕ್ಸಿ ಹಳೇದೇ ಹಾಕ್ಸ್ತೀನಿ ಬುಡು."

ಪಕ್ಕದ ಟೀ ಅಂಗಡಿಯವರು ಬಂದು ಗಂಭೀರವಾಗಿ ಪರೀಕ್ಷೆ ಮಾಡಿದ್ರು. "ದೃಷ್ಟಿ ಆಗೈತೆ ಕಣ್ರೀ. ಇನ್ನೊಂದು ಹಾರ ಹಾಕಿ."

ಹಾಕಿದ್ರು!

ಸೇವಂತಿಗೆ ಒಣಗೋಕೆ ನಾಲ್ಕು ದಿನ ಬೇಕು. ನನ್ನ ರೇಡಿಯೇಟರಿಗೆ ಉಳಿದಿರೋದು ಒಂದೇ ರಾತ್ರಿ. ದೇವರಿಗೂ ದೊಡ್ಡಪ್ಪನಿಗೂ ಬೇಜಾರಾಗದ ಹಾಗೆ ಹಾರ ತೆಗೆಸೋದು ಹೇಗೆ? ಗೊತ್ತಿದ್ದೋರು ಪ್ಲೀಸ್ ಬೇಗ ರಿಪ್ಲೈ ಮಾಡಿ.