ಲಕ್ಷ್ಮಿದೇವಮ್ಮನವರ ಉರಿ

ಬಿಟಿಎಂ ಲೇಔಟಿನ ಮೂರಂತಸ್ತಿನ ಮನೆಯ ಒಡತಿ ಲಕ್ಷ್ಮಿದೇವಮ್ಮನವರಿಗೆ ಸಕ್ಕರೆ ಕಾಯಿಲೆ ಬಂದದ್ದು ನಲವತ್ತೈದು ದಾಟಿದ ಮೇಲೆ. ಅದರೊಂದಿಗೆ ಹೇಗೋ ಸಂಸಾರ ಸಾಗಿತ್ತು. ಆದರೆ ಎರಡು ಸಾವಿರದ ನಾಲ್ಕರಲ್ಲಿ ಕಣ್ಣಿಗೆ ಪೊರೆ ಬಂದು, ಎದುರು ಮನೆ ಮಂಗಮ್ಮ ಉಟ್ಟಿದ್ದು ಅಪ್ಪಟ ರೇಷ್ಮೆಯೋ ಆರ್ಟ್ ಸಿಲ್ಕೋ ತಿಳಿಯದಂತಾದಾಗ ಬದುಕೇ ಸಪ್ಪೆಯಾಯಿತು. ದೀಪಾವಳಿಯೊಳಗೆ ಆಪರೇಷನ್ ಆಗಲೇಬೇಕಿತ್ತು.

ಜಯನಗರದ ಕಣ್ಣಿನ ಡಾಕ್ಟರ್ ಕಮಲಾದೇವಿ ರಕ್ತ ಪರೀಕ್ಷೆ ನೋಡಿ ತಲೆಯಾಡಿಸಿದರು.

"ಸಿಆರ್‌ಪಿ ಜಾಸ್ತಿ ಇದೆ ಅಮ್ಮಾ. ಅಂದ್ರೆ ಮೈಯೊಳಗೆ ಎಲ್ಲೋ ಉರಿಯೂತ ಇದೆ. ಶುಗರ್ ಇರೋ ಹೆಂಗಸರಲ್ಲಿ ಇದು ಎಷ್ಟೋ ಸಲ ಕಾಣುತ್ತೆ. ಅದು ಇಳಿಯೋವರೆಗೂ ಕಣ್ಣು ಮುಟ್ಟೋದು ಬೇಡ. ಹಲ್ಲು, ವಸಡು ನೋವಿದ್ಯಾ?"

"ಕಣ್ಣಿಗೆ ಅಂತ ಬಂದೋಳ್ನ ಹಲ್ಲು ಕೇಳ್ತೀರಲ್ಲ ಮೇಡಂ! ಏನೂ ಇಲ್ಲ."

ಬೆಳಿಗ್ಗೆ ಹಲ್ಲುಜ್ಜುವಾಗ ರಕ್ತ ಬರುತ್ತಿದ್ದದ್ದು ನಿಜ. ಹೇಳಿದರೆ ಅದಕ್ಕೊಬ್ಬ ಬೇರೆ ಡಾಕ್ಟರು ಹುಟ್ಟಿಕೊಳ್ಳುತ್ತಾರೆಂದು ನುಂಗಿಕೊಂಡರು.

ಉರಿಯೂತದ ಊತ ಕ್ಲಿನಿಕ್ಕಿನಲ್ಲೇ ಉಳಿಯಿತು. ಉರಿ ಮಾತ್ರ ಆಟೋ ಹತ್ತಿ ಮನೆಗೆ ಬಂತು.

"ಒಳಗೆಲ್ಲಾ ಉರಿ ಇದ್ಯಂತೆ ಕಣೇ" ಎಂದದ್ದೇ ತಡ, ಮಂಗಮ್ಮ ಕಿಸಕ್ಕನೆ ನಕ್ಕಳು. "ಹೊಟ್ಟೆಉರೀನೂ ಈಗ ರಕ್ತದಲ್ಲಿ ತೋರಿಸ್ತಾರಾ ಅಕ್ಕ?"

ಉರಿಗೆ ಮದ್ದು ತಂಪು. ಇದಕ್ಕೆ ಡಾಕ್ಟರೇಕೆ? ನೆತ್ತಿಗೆ ಹರಳೆಣ್ಣೆ ಬಿತ್ತು. ಮಡಿವಾಳದಿಂದ ಎಳನೀರು ಬಂತು. ಮಧ್ಯಾಹ್ನಕ್ಕೆ ಚೊಂಬಿನ ತುಂಬ ಪಾನಕ.

ಸೊಸೆ ಬಿಂದುಶ್ರೀ ಬಾಯಿ ಬಡಿದುಕೊಂಡಳು. "ಅತ್ತೆ, ಅದ್ರಲ್ಲಿ ಬೆಲ್ಲ ಇದೆ!"

"ಡಾಕ್ಟ್ರು ಬಿಡು ಅಂದಿದ್ದು ಸಕ್ಕರೆ. ಬೆಲ್ಲದ ಸುದ್ದಿ ಎತ್ತಿದ್ರಾ?"

ತಿಂಗಳ ನಂತರ ನೋಡಿದರೆ ಸಿಆರ್‌ಪಿ ಕೂತಲ್ಲೇ ಕೂತಿತ್ತು. ಸಕ್ಕರೆ ಮಾತ್ರ ಅಟ್ಟ ಹತ್ತಿತ್ತು. ಕಮಲಾದೇವಿ ಟಾರ್ಚು ಹಿಡಿದು ಬಾಯಿ ತೆರೆಸಿದರು. ವಸಡು ಕೆಂಪಗೆ ಬಾತುಕೊಂಡಿತ್ತು.

"ಇದೇ ಇರ್ಬೇಕು ನಿಮ್ಮ ಉರಿ. ಮೊದ್ಲು ಹಲ್ಲಿನ ಡಾಕ್ಟ್ರು, ಆಮೇಲೆ ಸಕ್ಕರೆ, ಕಣ್ಣು ಹಬ್ಬ ಆದ್ಮೇಲೆ."

"ಇದನ್ನ ಆವತ್ತೇ ನೋಡೋಕೇನಾಗಿತ್ತು?"

"ಆವತ್ತೇ ಕೇಳಿದ್ನಲ್ಲಮ್ಮಾ!"

ದೀಪಾವಳಿಯ ಹಿಂದಿನ ದಿನ ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ಕಚ್ಚಿಕೊಂಡು ಆಟೋ ಇಳಿದರೆ ಗೇಟಿನ ಬಳಿ ಮಂಗಮ್ಮನಂಥದ್ದೊಂದು ಹಸಿರು ಮಬ್ಬು ನಿಂತಿತ್ತು.

"ಹೊಸ ಸೀರೆ. ಹೆಂಗಿದೆ ಅಕ್ಕ?"

ನೋಡೋಣವೆಂದರೆ ಕಣ್ಣಿಲ್ಲ, ಕೊಂಕು ನುಡಿಯೋಣವೆಂದರೆ ಬಾಯಿಲ್ಲ. ಲಕ್ಷ್ಮಿದೇವಮ್ಮನವರು ಕೈ ಚಾಚಿ ಸೆರಗಿನ ತುದಿಯನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿದರು. ಇನ್ನೊಮ್ಮೆ ಉಜ್ಜಿದರು.

ಅಪ್ಪಟ ರೇಷ್ಮೆಯೇ.