ಬೆಟ್ಟಮ್ಮ ಕಾಯ್ದ ಖಾಲಿ ಜಾಗ

ನಮ್ಮ ಕಂಪನಿಯ ಲೀಗಲ್ ಸೆಕ್ಷನ್ ಅಂದರೆ ನಾನು, ಒಂದು ಬೀರು, ಒಂದು ಹಳೇ ಸ್ಕೂಟರ್. ಹೆಸರು ಮಹದೇವಪ್ರಸಾದ್. ವಕೀಲನಲ್ಲ, ವಕೀಲರ ಹಿಂದೆ ಫೈಲು ಹೊತ್ತು ಓಡುವವನು. ಹನ್ನೊಂದು ವರ್ಷ ಒಂದೇ ಕೇಸಿಗೆ ಓಡಿದ್ದೇನೆ. ಮದುವೆಯಾದ ತಾರೀಖು ಮರೆತು ಹೆಂಡತಿಯ ಹತ್ತಿರ ಬೈಸಿಕೊಂಡಿದ್ದುಂಟು, ಈ ಕೇಸಿನ ತಾರೀಖು ಒಂದೂ ಮರೆತವನಲ್ಲ.

ಕೇಸು ಇಷ್ಟೇ. ಜಯಲಕ್ಷ್ಮಿಪುರಂನಲ್ಲಿ ಕಂಪನಿ ಅರ್ಧ ಎಕರೆ ಖಾಲಿ ಜಾಗ ಕೊಂಡಿತು, ಐದಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟೋಣ ಅಂತ. ಬೀದಿಯವರು ಸಂಘ ಕಟ್ಟಿಕೊಂಡು ಬಂದರು: ನಗರದ ನಕ್ಷೆಯಲ್ಲಿ ಈ ಜಾಗಕ್ಕೆ ಹಸಿರು ಬಣ್ಣ, ಅಂದರೆ ಪಾರ್ಕು. ನಮ್ಮ ಕೈಯಲ್ಲಿದ್ದ ನಕ್ಷೆಯಲ್ಲಿ ಹಳದಿ, ಅಂದರೆ ಕಟ್ಟಡ ಕಟ್ಟಬಹುದು. ತೀರ್ಪಾಗುವ ತನಕ ಯಾರೂ ಏನೂ ಕಟ್ಟಕೂಡದು ಅಂತ ಕೋರ್ಟು ತಡೆ ಕೊಟ್ಟಿತು. ಆ ಎರಡು ಬಣ್ಣಕ್ಕಾಗಿ ಕಂಪನಿ ವಕೀಲರಿಗೆ ಸುರಿದ ದುಡ್ಡಿನಲ್ಲಿ ಇಡೀ ಮೈಸೂರಿಗೇ ಬಣ್ಣ ಹೊಡೆಸಬಹುದಿತ್ತು.

ಆ ಜಾಗ ಕಾಯಲು ಇಟ್ಟವರು ಬೆಟ್ಟಮ್ಮ. ವರುಣದ ಕಡೆಯ ಬೇಸಾಯದ ಮನೆಯವರು. ಗಂಡ ತೀರಿಕೊಂಡ ಮೇಲೆ ಮೈದುನರು ಮನೆ ಹಂಚಿಕೊಂಡು ಇವರಿಗೆ ಜಗಲಿಯನ್ನೂ ಬಿಟ್ಟಿರಲಿಲ್ಲ. ನಾವು ಮೂಲೆಯಲ್ಲಿ ಒಂದು ಶೀಟಿನ ಮನೆ ಹಾಕಿಕೊಟ್ಟೆವು. ಕೆಲಸ ಒಂದೇ, ಯಾರನ್ನೂ ಒಳಗೆ ಬಿಡಬಾರದು.

ಕೇಸು ಮುಂದಕ್ಕೆ ಹೋದಾಗಲೆಲ್ಲ ನಮ್ಮ ಮಾಲೀಕರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಬೆಟ್ಟಮ್ಮ ಮಾತ್ರ ಕುಣಿಯುವುದೊಂದು ಬಾಕಿ.

"ಡೇಟ್ ಕೊಟ್ರಾ ಪ್ರಸಾದಪ್ಪೋರೆ?"

"ಕೊಟ್ರು ಕಣಮ್ಮ, ಇನ್ನು ಮೂರು ತಿಂಗಳು."

"ಅಬ್ಬ! ಕೂತ್ಕಳಿ, ಕಜ್ಜಾಯ ಮಾಡಿವ್ನಿ."

ಇದೇನು ಹೆಂಗಸಪ್ಪಾ ಅಂತ ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ತಿಳಿಯಿತು. ನಾವು ಗೆದ್ದರೆ ಜೆಸಿಬಿ ಬಂದು ಮೊದಲು ಕೆಡವುವುದೇ ಆ ಶೀಟಿನ ಮನೆ. ಸೋತರೆ ಜಾಗ ನಗರಪಾಲಿಕೆಗೆ, ಅವರೂ ಕೆಡವುತ್ತಾರೆ. ಕೇಸು ನಡೆಯುವಷ್ಟು ದಿನ ಮಾತ್ರ ಬೆಟ್ಟಮ್ಮನ ತಲೆಯ ಮೇಲೆ ಸೂರು. ಅದು ತಿಳಿದ ಮೇಲೆ ಕಜ್ಜಾಯವನ್ನು ಗೊಣಗದೆ ತಿಂದೆ.

ಮಣ್ಣಿನಲ್ಲಿ ಹುಟ್ಟಿದ ಕೈ, ಸುಮ್ಮನಿರುತ್ತದೆಯೇ? ಮೊದಲ ವರ್ಷ ನಾಲ್ಕು ದಾಸವಾಳ. ಆಮೇಲೆ ಕನಕಾಂಬರ, ಮಲ್ಲಿಗೆ, ಸಂಪಿಗೆ. ಎದುರು ಮನೆಯ ನಿವೃತ್ತ ಟೀಚರ್ ಪ್ರೇಮಲೀಲಾ ಮೇಡಂ ಪೂಜೆಗೆ ಎರಡು ಹೂ ಕೇಳಿಕೊಂಡು ಬಂದರು. ಆಕೆಯೇ ಎದುರು ಪಾರ್ಟಿ ಸಂಘದ ಕಾರ್ಯದರ್ಶಿ! ಹೂವಿಗೆ ಬಂದವರು ವಾಕಿಂಗ್ ಶುರು ಮಾಡಿದರು, ಅವರ ಹಿಂದೆ ಇಡೀ ಬೀದಿಯ ಮುದುಕರು. ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆ ನೆರಳಲ್ಲಿ ಕೂತು ಕಾಫಿ ಕುಡಿಯುವ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ.

ಹನ್ನೊಂದನೇ ವರ್ಷ ಕೋರ್ಟಿಗೆ ಬುದ್ಧಿ ಬಂತು. ನಕ್ಷೆ ಸಾಕು, ಜಾಗದಲ್ಲಿ ನಿಜವಾಗಿ ಏನಿದೆ ನೋಡಿ ಮಹಜರು ಬರೆದುಕೊಂಡು ಬನ್ನಿ ಅಂತ ಒಬ್ಬ ಕಮಿಷನರನ್ನು ನೇಮಿಸಿತು. ಆ ಹೂಗಿಡ, ಆ ವಾಕಿಂಗ್ ಕಂಡರೆ ಪಾರ್ಕು ಅಂತಲೇ ಬರೆಯುತ್ತಾರೆ! ಓಡಿದೆ.

"ಬೆಟ್ಟಮ್ಮೋರೆ, ನಾಳೆ ಹತ್ತು ಗಂಟೆಗೆ ಕೋರ್ಟಿನೋರು ಬರ್ತಾರೆ. ಇಲ್ಲಿ ನರಪಿಳ್ಳೆ ಕಾಲಿಟ್ಟಿಲ್ಲ ಅನ್ನೋ ಹಾಗಿರಬೇಕು. ಗೇಟಿಗೆ ಬೀಗ ಹಾಕಿ. ಕಸ ಗುಡಿಸ್ಬೇಡಿ. ಯಾರೂ ಬರಲ್ಲ ಅಂತ ಹೇಳಿ, ಅಷ್ಟೇ."

"ಆಯ್ತು ಬುಡಿ. ಎಲ್ಲಾ ನೀವೇಳ್ದಂಗೇ."

ಮರುದಿನ ನಮ್ಮ ವಕೀಲರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗಿ ನೋಡುತ್ತೇನೆ, ಅಯ್ಯೋ ದೇವರೇ! ಗೇಟಿಗೆ ಬೀಗವೇನೋ ಇತ್ತು. ಆದರೆ ಗೇಟಿನ ಮುಂದೆ ಸಾರಿಸಿ ಮಾರುದ್ದದ ರಂಗೋಲಿ. ಕಂಬಕ್ಕೆ ಮಾವಿನ ತೋರಣ. ಒಳಗೆ ಒಂದು ಒಣ ಎಲೆ ಬೇಕೆಂದರೂ ಸಿಗುವಂತಿರಲಿಲ್ಲ.

"ಏನಿದು ಬೆಟ್ಟಮ್ಮೋರೆ!" ಅಂತ ಹಲ್ಲು ಕಚ್ಚಿದೆ.

"ಬೆಳಿಗ್ಗೆ ಎದ್ದು ನೋಡ್ದೆ ಪ್ರಸಾದಪ್ಪ, ಮನಸ್ ತಡೀನಿಲ್ಲ. ಮನೆಗ್ ಬರೋರ್ಗೆ ಕಸ ತೋರ್ಸಕ್ಕಾಯ್ತದಾ?"

ಇನ್ನು ಬೀಗದ ಕಥೆ. ಹನ್ನೊಂದು ವರ್ಷದಲ್ಲಿ ಆ ಗೇಟಿಗೆ ಬೀಗ ಬಿದ್ದದ್ದು ಅದೇ ಮೊದಲು. ಬೀದಿಯ ಇಪ್ಪತ್ತು ಹಿರಿಯರು ಮಂಕಿ ಕ್ಯಾಪು, ಕೈಕೋಲು ಸಮೇತ ಗೇಟು ಹಿಡಿದು ಅಲ್ಲಾಡಿಸುತ್ತಿದ್ದರು. "ಬೆಟ್ಟಮ್ಮಾ, ಇದ್ಯಾಕೆ ಹೊಸದಾಗಿ ಬೀಗ? ನಮ್ಮ ಶುಗರ್ ನೋಡ್ಕೊಳ್ಳೋರ್ಯಾರು?" ಅದೇ ಹೊತ್ತಿಗೆ ಆಟೋ ಇಳಿದರು ಕಮಿಷನರ್, ವರ್ಷಿಣಿ ಅಂತ ಹುಡುಗಿಯಂಥ ವಕೀಲೆ. ನಗದೇ ಇರಲು ಆಕೆ ಪಡುತ್ತಿದ್ದ ಪಾಡು ನನಗೆ ಕಾಣುತ್ತಿತ್ತು.

"ಅಮ್ಮಾ, ಇಲ್ಲಿಗೆ ಜನ ಬರ್ತಾರಾ?"

"ಯಾರೂ ಬರಲ್ಲ ಕವ್ವ," ಅಂದರು ಬೆಟ್ಟಮ್ಮ. ಮಾತು ಕೊಟ್ಟಿದ್ದರಲ್ಲ! ಹಾಗೆನ್ನುತ್ತಲೇ ಬೀಗ ತೆಗೆದು, "ಬಿಸ್ಲಲ್ಲಿ ಯಾಕ್ ನಿಂತೀರಿ, ಒಳಕ್ ಬನ್ನಿ ಎಲ್ಲಾರೂವೆ" ಅಂತ ಇಪ್ಪತ್ತೂ ಜನರನ್ನು ಬಿಟ್ಟುಕೊಂಡರು. ನಮ್ಮ ವಕೀಲರು ಅಲ್ಲೇ ಕಲ್ಲಿನ ಮೇಲೆ ಕುಸಿದರು. ಅದೂ ಬೆಟ್ಟಮ್ಮ ವಾಕಿಂಗಿನವರಿಗೆಂದು ಹಾಕಿಸಿದ್ದ ಕಲ್ಲೇ. ನನಗೆ ನಗು ತಡೆಯಲಾಗದೆ ಕೆಮ್ಮಿದೆ, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು.

ನಾಲ್ಕು ತಿಂಗಳಿಗೆ ತೀರ್ಪು. ಸೋತೆವು. ಇದು ಪಾರ್ಕೇ ಅಂದಿತು ಕೋರ್ಟು. ಪ್ರತಿಯನ್ನು ಮಡಚಿಕೊಂಡು ಹೋದೆ, ಸ್ಕೂಟರ್ ಅಷ್ಟು ನಿಧಾನ ಓಡಿಸಿದ್ದು ಜನ್ಮದಲ್ಲಿಲ್ಲ. ಬೀದಿಯವರು ಮೈಸೂರು ಪಾಕ್ ಹಂಚುತ್ತಿದ್ದರು. ಬೆಟ್ಟಮ್ಮನಿಗೂ ಒಂದು ತುಂಡು ಕೊಟ್ಟಿದ್ದರು. ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಒಳಗೆ ಪಾತ್ರೆಗಳನ್ನು ಆಗಲೇ ಗೋಣಿಚೀಲಕ್ಕೆ ತುಂಬಿದ್ದರು.

"ಯಾವತ್ತು ಕೆಡುವ್ತಾರಂತೆ?"

ಏನಾದರೂ ಹೇಳಬೇಕಲ್ಲ ಅಂತ ತೀರ್ಪಿನ ಹಾಳೆ ತಿರುವಿದೆ. ಕೊನೆಯಲ್ಲಿ ಹೀಗಿತ್ತು: ಮಹಜರಿನಲ್ಲಿ ನಮೂದಾಗಿರುವ ಎಲ್ಲವನ್ನೂ ಇರುವ ಹಾಗೆಯೇ ಕಾಪಾಡತಕ್ಕದ್ದು, ಯಾವುದನ್ನೂ ತೆಗೆಯತಕ್ಕದ್ದಲ್ಲ. ಹಿಂದೆ ಲಗತ್ತಿಸಿದ್ದ ಮಹಜರಿಗೆ ಹೋದೆ. ದಾಸವಾಳ ನಲವತ್ತೆರಡು, ಸಂಪಿಗೆ ಆರು, ಕಲ್ಲು ಬೆಂಚು ಮೂರು, ನಲ್ಲಿ ಒಂದು. ಹದಿನೇಳನೇ ಬಾಬ್ತು ಬಂದಾಗ ಕೂಗಿಯೇ ಓದಿದೆ: "ಮೂಲೆಯಲ್ಲಿ ಶೀಟಿನ ಮನೆ ಒಂದು, ಅದರಲ್ಲಿ ವಾಸವಿದ್ದು ಇದೆಲ್ಲವನ್ನೂ ಬೆಳೆಸಿರುವ ಬೆಟ್ಟಮ್ಮ."

ಬೆಟ್ಟಮ್ಮ ಕಣ್ಣು ಕಣ್ಣು ಬಿಟ್ಟರು. "ಗಿಡದ್ ಜೊತೆ ನನ್ನೂ ಎಣಿಸ್ಬುಟ್ಟವ್ರಾ?"

"ಎಣಿಸ್ಬುಟ್ಟವ್ರೆ ಕಣಮ್ಮ! ನಿಮ್ಮನ್ನ ಯಾರೂ ತೆಗೆಯಂಗಿಲ್ಲ!"

ಇನ್ನೊಂದು ಸಲ ಓದಿ ಅಂದರು. ಓದಿದೆ. ನಕ್ಕರು, ನಗುತ್ತಾ ನೆಲಕ್ಕೆ ಕೂತರು, ಕೂತಲ್ಲೇ ಸೆರಗು ಬಾಯಿಗೊತ್ತಿ ಅತ್ತರು. ಪ್ರೇಮಲೀಲಾ ಮೇಡಂ ಬಂದು ಗೋಣಿಚೀಲದಿಂದ ಪಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಸೋತ ಕಂಪನಿಯ ನೌಕರ ನಾನು, ಗೆದ್ದವರ ಮೈಸೂರು ಪಾಕು ನಾಲ್ಕು ತಿಂದೆ.

ಸಂಜೆ ಮಾಲೀಕರ ಮುಂದೆ ನಿಂತೆ. ಹೆಸರು ಶಿವಪ್ರಕಾಶ್, ಈ ಕೇಸಲ್ಲೇ ತಲೆ ಬೆಳ್ಳಗಾದವರು. ವಕೀಲರು ಹುರುಪಿನಲ್ಲಿದ್ದರು: "ಹೈಕೋರ್ಟಿಗೆ ಅಪೀಲು ಹಾಕೋಣ ಸಾರ್. ಮರಗಿಡದ ಪಟ್ಟಿಯಲ್ಲಿ ಒಬ್ಬ ಹೆಂಗಸನ್ನ ಸೇರಿಸಿದ್ದಾರೆ, ಈ ಮಹಜರು ಅಲ್ಲಿ ಒಂದು ದಿನ ನಿಲ್ಲಲ್ಲ." ಅವರು ಹೇಳಿದ್ದು ನಿಜ. ಹನ್ನೊಂದು ವರ್ಷ ಆ ಫೈಲು ಹೊತ್ತವನಿಗೆ ಅಷ್ಟು ಗೊತ್ತಾಗದೇ?

ಮಾಲೀಕರು ನನ್ನ ಕಡೆ ತಿರುಗಿದರು. "ಪ್ರಸಾದ್, ಈ ಕೇಸು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಗೆಲ್ತೀವೇನ್ರೀ?"

ಕೇಸು ಮುಗಿದರೆ ನನಗೂ ಕೆಲಸವಿಲ್ಲ.

"ಇಲ್ಲ ಸಾರ್. ಯಾವತ್ತೂ ಗೆಲ್ಲಲ್ಲ. ಬಿಟ್ಬುಡಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕುರ್ಚಿಗೆ ಬೆನ್ನು ಕೊಟ್ಟು ಕೂತು, ಉಸ್ಸಪ್ಪಾ ಅಂತ ಉಸಿರು ಬಿಟ್ಟರು.

"ಅಯ್ಯೋ ಮಾರಾಯ್ರೇ, ಇದನ್ನ ಹತ್ತು ವರ್ಷದ ಹಿಂದೆಯೇ ಹೇಳಬಾರದಿತ್ತೇನ್ರೀ?"