ಬ್ಲೀಚಕ್ಕನ ಉಪ್ಪುನೀರಿನ ತೊಟ್ಟಿ

ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಅವಳನ್ನು ಎಲ್ಲರೂ ಬ್ಲೀಚಕ್ಕ ಎಂದೇ ಕರೆಯುತ್ತಿದ್ದರು. ರಕ್ತದ ಕಲೆಯಿರಲಿ, ಔಷಧಿಯ ಹಳದಿಯಿರಲಿ, ಅವಳ ಕೈಗೆ ಬಂದ ಹೊದಿಕೆ ಹಾಲಿನಂತಾಗಿ ಹೊರಬೀಳುತ್ತಿತ್ತು. ಮದುವೆಯಾದ ವರ್ಷ ಸೇರಿದ ಕೆಲಸ. ಈಗ ಮಗಳಿಗೇ ಮದುವೆಯಾಗಿದೆ. ಸಂಜೆ ಹೊರಬರುವ ಹೊತ್ತಿಗೆ ಸೊಂಟ ಅವಳದ್ದಲ್ಲ, ಬೆರಳ ತುದಿಗಳು ಅವಳವಲ್ಲ. ‘ದೇವರೇ, ಮನೆ ಮುಟ್ಟಿಸಪ್ಪ’ ಎನ್ನುವುದಷ್ಟೇ ಅವಳ ಸಂಜೆಯ ಪ್ರಾರ್ಥನೆ. ಅದಕ್ಕಿಂತ ದೊಡ್ಡದನ್ನು ಕೇಳುವ ತ್ರಾಣ ಉಳಿದಿರುತ್ತಿರಲಿಲ್ಲ.

ಬಸ್ ನಿಲ್ದಾಣದ ಎದುರಿಗೆ ಒಂದು ಮೀನಿನ ಅಂಗಡಿ. ಅಡುಗೆಯ ಮೀನಲ್ಲ, ನೋಡುವ ಮೀನು. ಬಸ್ಸು ತಡವಾದಾಗಲೆಲ್ಲ ಅವಳು ಒಳಗೆ ಹೋಗಿ, ಮೂಲೆಯ ತೊಟ್ಟಿಯ ಮುಂದೆ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂರುತ್ತಿದ್ದಳು. ಅದರಲ್ಲಿ ಸಮುದ್ರದ ಮೀನೊಂದಿತ್ತು: ಕಿತ್ತಳೆ ಮೈ, ಬಿಳಿ ಪಟ್ಟೆ, ಒಂದು ಕಡೆಯ ರೆಕ್ಕೆ ಮೊಂಡು. ಹಾಗಾಗಿ ಯಾರೂ ಅದನ್ನು ಕೊಂಡಿರಲಿಲ್ಲ. ಅವಳ ಬಾಯಲ್ಲಿ ಅದು ‘ಮೊಂಡ’. ಅದು ಓಲಾಡುತ್ತ ಬಂದು ಗಾಜಿನ ಆಚೆ ನಿಂತು ಅವಳ ಮುಖ ನೋಡುತ್ತಿತ್ತು. ಇಡೀ ದಿನದಲ್ಲಿ ಏನನ್ನೂ ತೊಳೆಯದೆ ಅವಳು ಸುಮ್ಮನೆ ಕೂರುತ್ತಿದ್ದ ಹೊತ್ತು ಅದೊಂದೇ.

ಒಂದು ಸಂಜೆ ಹೋದರೆ ಅರ್ಧ ತೊಟ್ಟಿಗಳು ಖಾಲಿ. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇನೆ ಎಂದ ಅಂಗಡಿಯವನು.

“ಮೊಂಡನ್ನ ಏನ್ಮಾಡ್ತೀರಣ್ಣ?”

“ಯಾರಾದ್ರೂ ತಗೊಂಡ್ರೆ ಸರಿ. ಇಲ್ದಿದ್ರೆ...”

“ನಾನು ತಗೊಂಡು ಹೋಗ್ತೀನಿ.”

“ಇದೇನಕ್ಕ, ಬೆಕ್ಕಿನ ಮರೀನಾ, ಚೀಲಕ್ಕೆ ಹಾಕ್ಕೊಂಡು ಹೋಗೋಕೆ? ಇದರ ಹಿಂದೆ ಸಮುದ್ರಾನೂ ಮನೆಗೆ ಕರ್ಕೊಂಡು ಹೋಗ್ಬೇಕು.”

ನಕ್ಕರೂ ಅವನೇ ಒಂದು ಹಳೆಯ ತೊಟ್ಟಿ ಕೊಟ್ಟ, ಪಾಠವನ್ನೂ ಹೇಳಿದ. ಸೋಸಿದ ನೀರೇ ಆಗಬೇಕು, ನಲ್ಲಿಯದ್ದಲ್ಲ. ಅಡುಗೆ ಉಪ್ಪು ಮುಟ್ಟಬಾರದು. ಸಮುದ್ರದ ಉಪ್ಪೆಂದೇ ಪೊಟ್ಟಣ ಬರುತ್ತದೆ, ಅದನ್ನು ಬಕೆಟ್ಟಿನಲ್ಲಿ ಕದಡಿ, ಉಪ್ಪಿನಂಶ ಅಳೆಯುವ ಮಾಪಕದ ಮುಳ್ಳು ಗುರುತಿನ ಗೆರೆಗೆ ಬಂದ ಮೇಲೆ ತೊಟ್ಟಿಗೆ ಸುರಿಯಬೇಕು. ಕೊನೆಗೆ ತನ್ನ ತೊಟ್ಟಿಯಿಂದ ತೂತುತೂತಾದ ಕಲ್ಲುಗಳನ್ನು ಎತ್ತಿಕೊಟ್ಟ.

“ಇವು ಕಲ್ಲಲ್ಲಕ್ಕ, ಊರು. ಕಣ್ಣಿಗೆ ಕಾಣದ ಜೀವಗಳು ತುಂಬ್ಕೊಂಡಿವೆ. ಮೀನಿನ ಹೊಲಸನ್ನ ಅರಗಿಸಿ ನೀರು ಕಾಯೋದು ಅವೇ. ಹೊಸ ಮನೇಲಿ ಅವು ಬೇರೂರೋ ತನಕ ಮೀನು ಬಿಡೋ ಹಾಗಿಲ್ಲ.”

“ಅಲ್ಲೀ ತನಕ ನಾನೇನ್ಮಾಡ್ಲಿ?”

“ಏನೂ ಮಾಡ್ಬೇಡಿ.”

ಇಡೀ ಪಾಠದಲ್ಲಿ ಅವಳಿಗೆ ಕಷ್ಟವಾದದ್ದು ಅದೊಂದೇ ಮಾತು.

ಗೋಡೆಗೆ ಬಣ್ಣ ಹೊಡೆಯುವ ಅವಳ ಗಂಡ ತೊಟ್ಟಿಯ ಸುತ್ತ ಒಂದು ಸುತ್ತು ಬಂದ. “ಬಾಡಿಗೆ ಮನೇಲಿ ಸಮುದ್ರ ಇಡ್ತೀಯೇನೇ? ಮಾಲೀಕ್ರು ಅಲೆಗೂ ಬಾಡಿಗೆ ಕೇಳ್ತಾರೆ ನೋಡು.” ಹಾಗೆಂದರೂ ತೊಟ್ಟಿಯಿಟ್ಟ ಬೆಂಚಿನ ಕಾಲಿಗೆ ರಟ್ಟಿನ ಚೂರು ಕೊಟ್ಟು ಅಲುಗಾಡದಂತೆ ಮಾಡಿದ.

ವಾರಗಳು ಹೋದವು. ಗಾಜಿನ ಮೇಲೆ, ಕಲ್ಲಿನ ಮೇಲೆ, ಮರಳಿನ ಮೇಲೆ ತುಕ್ಕಿನಂಥ ಕಂದು ಪಾಚಿ ಕಟ್ಟಿತು. ಬರಲಿ ಬಿಡಿ, ಒಳ್ಳೆಯ ಲಕ್ಷಣ ಎಂದಿದ್ದ ಅಂಗಡಿಯವನು. ಅವಳು ಸೀಸೆಯಲ್ಲಿ ಒಯ್ದ ತೊಟ್ಟಿಯ ನೀರಿಗೆ ಪರೀಕ್ಷೆಯ ಔಷಧಿ ಹನಿಸಿ, ವಿಷವಿಲ್ಲ ಎಂದು ತೋರಿಸುವ ಹಳದಿ ಬಣ್ಣ ನೋಡಿ, “ಇನ್ನೊಂದ್ಸಲ ನೋಡಿ ಮೊಂಡನ್ನ ಕೊಡ್ತೀನಿ” ಎಂದಿದ್ದ.

ಅಂಗಡಿ ಮುಚ್ಚುವ ಹಿಂದಿನ ಭಾನುವಾರ ಅವಳು ತೊಟ್ಟಿಯ ಮುಂದೆ ನಿಂತಳು. ಮನೆಗೆ ಹೊಸ ಜೀವ ಬರುವಾಗ ಇಷ್ಟು ಕೊಳಕೇ? ಕಲ್ಲುಗಳನ್ನು ಹೊರತೆಗೆದದ್ದು, ಬ್ಲೀಚಿಂಗ್ ಪುಡಿ ಕದಡಿದ್ದು, ಬ್ರಷ್ ಹಿಡಿದು ಉಜ್ಜಿದ್ದು, ಒಂದಾದ ಮೇಲೊಂದು ನೀರಿನಲ್ಲಿ ಜಾಲಿಸಿದ್ದು ಎಲ್ಲ ಕೈಗಳೇ ಮಾಡಿಕೊಂಡು ಹೋದವು. ಮರಳನ್ನೂ ಬಿಡಲಿಲ್ಲ. ಎಲ್ಲ ಫಳಫಳ ಎಂದಾಗ ಅವಳಿಗೆ ಸಮಾಧಾನವಾಯಿತು.

ಮರುಸಂಜೆ ಅಂಗಡಿಯಲ್ಲಿ ಅವಳು ಒಯ್ದ ಸೀಸೆಯ ನೀರಿಗೆ ಹನಿ ಬಿದ್ದದ್ದೇ ಹಸಿರಾಯಿತು. ನೋಡನೋಡುತ್ತ ಕಡು ಹಸಿರು. ಅಂಗಡಿಯವನು ಬೆಳಕಿಗೆ ಹಿಡಿದು ನೋಡಿದ.

“ಇದು ವಿಷ. ಹಳದಿ ಇತ್ತಲ್ಲಕ್ಕ, ಏನ್ಮಾಡಿದ್ರಿ?”

“ಏನಿಲ್ಲಣ್ಣ. ಸ್ವಲ್ಪ ತೊಳೆದೆ.”

“ಬರೀ ನೀರಲ್ಲಿ?”

ಅವಳು ತಲೆ ತಗ್ಗಿಸಿದಳು. “ಬ್ಲೀಚ್ ಹಾಕಿ.”

ಅವನು ಬಯ್ಯಲಿಲ್ಲ. ಉಸ್ಸೆಂದು ಕೂತ. “ಊರಿಗೆ ಊರೇ ಹೋಯ್ತಲ್ಲಕ್ಕ.”

ಬೆಳಗ್ಗೆ ಸಾಮಾನು ಸಾಗಿಸಲು ಲಾರಿ ಬರುವುದಿತ್ತು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಇಂಥದೇ ಉಪ್ಪುನೀರಿನ, ನೀರು ಪಳಗಿದ ಹಳೆಯ ತೊಟ್ಟಿ ಇದೆ, ಕೇಳಿದರೆ ಇಟ್ಟುಕೊಳ್ಳುತ್ತಾರೆ ಎಂದ. ಮತ್ತೆ ಅವಳ ಮುಖ ನೋಡಿ ದನಿ ತಗ್ಗಿಸಿದ. “ನಿಮಗೇ ಅಂತ ಇಟ್ಟಿದ್ದೆ. ಬೇಕೇ ಬೇಕು ಅಂದ್ರೆ ತಗೊಂಡು ಹೋಗಿ. ಬದುಕಿದ್ರೂ ಬದುಕಬಹುದು.”

ಮೊಂಡ ಗಾಜಿನ ಹತ್ತಿರ ಬಂದು ನಿಂತಿತ್ತು. ಬದುಕಿದರೂ ಬದುಕಬಹುದು ಎಂದು ವೈದ್ಯರು ಹೇಳಿ ಹೋದ ಹಾಸಿಗೆಗಳ ಹೊದಿಕೆ ಮಾರನೆಯ ದಿನ ತನ್ನ ಬಳಿಗೇ ಬರುವುದನ್ನು ಅವಳು ವರ್ಷಗಟ್ಟಲೆ ಕಂಡಿದ್ದಳು.

“ಬೇಡಣ್ಣ. ಹಲ್ಲಿನ ಡಾಕ್ಟ್ರಿಗೇ ಕೊಡಿ. ಅಲ್ಲಿ ಹೆದರ್ಕೊಂಡು ಕೂತಿರೋರಿಗೆ ಜೊತೆ ಆಗ್ಲಿ.”

ಅವನು ಎದ್ದು, ಮೊಂಡನ ತೊಟ್ಟಿಯಿಂದ ನಾರುವ ಕಂದು ಸ್ಪಂಜನ್ನೂ ಕಲ್ಲಿನ ಚೂರುಗಳನ್ನೂ ಅದೇ ನೀರಿನ ಸಮೇತ ಚೀಲಕ್ಕೆ ತುಂಬಿದ. “ನೀರೆಲ್ಲ ಹೊಸದು ಮಾಡಿ ಇದನ್ನ ಹಾಗೇ ಒಳಗಿಡಿ. ಮೊದಲಿಂದ ಶುರು ಮಾಡಿ. ಮೀನು ಇನ್ನೆಲ್ಲಾದ್ರೂ ಸಿಗುತ್ತೆ.”

“ಮೊಂಡ ಸಿಗಲ್ಲ.”

“ಅದು ಸಿಗಲ್ಲ” ಎಂದ ಅವನು.

ಮನೆಯಲ್ಲಿ ಗಂಡ ಚೀಲದ ಬಳಿ ಮೂಗು ತಂದು ಹಿಂದೆ ಸರಿದ. “ಮೀನು ಎಲ್ಲೇ?”

ಅವಳು ಹೇಳಿದಳು. ಅವನ ಬಾಯಿಗೆ ತಮಾಷೆ ಬರಲಿಲ್ಲ. ಚೊಂಬಿನಿಂದ ತೊಟ್ಟಿಯ ನೀರು ಖಾಲಿ ಮಾಡಿದ, ಹೊಸ ನೀರಿಗೆ ಉಪ್ಪು ಸುರಿದು, ಬಣ್ಣ ಕದಡಿದ ಹಾಗೆ ಕೋಲಿನಿಂದ ಕದಡತೊಡಗಿದ. ನೀರು ನೆಲವೆಲ್ಲ ಚೆಲ್ಲಿತು. ಅವಳು ಒರೆಸುವ ಬಟ್ಟೆ ತರಲು ಎದ್ದಳು.

“ನೀನು ಕೂತ್ಕೊಳೇ” ಎಂದ ಅವನು.

ಕೂತಳು. ನೆಲದ ಮೇಲೆ ಹರಿದ ನೀರು ಬಾಗಿಲವರೆಗೆ ಹೋಗಿ ನಿಂತಿತು. ಅವಳು ಅದನ್ನು ನೋಡುತ್ತ, ಕಾಲು ಮೇಲೆತ್ತಿಕೊಂಡು, ಹಾಗೇ ಕೂತಿದ್ದಳು.